ಅಜ್ಜನ ದಮ್ಮು, ನನ್ನ ಅನುವಾದ

ನನ್ನ ಕೊರಳಲ್ಲಿ ನೇತಾಡುತ್ತಿದ್ದ ಬ್ಯಾಡ್ಜಿನಲ್ಲಿ ‘ಇಂಟರ್‌ಪ್ರಿಟರ್’ ಎಂದಿತ್ತು. ಅದರ ಕೆಳಗೆ ಐದು ಭಾಷೆಗಳ ಹೆಸರುಗಳಿದ್ದವು. ಬರೆದವಳು ನಾನೇ. ಕನ್ನಡ, ಇಂಗ್ಲಿಷ್, ಹಿಂದಿ, ತೆಲುಗು, ಸ್ಪ್ಯಾನಿಷ್. ಇನ್ನೂ ಒಂದಿಂಚು ಜಾಗ ಇದ್ದಿದ್ದರೆ ಸಂಸ್ಕೃತವನ್ನೂ ಸೇರಿಸಿಬಿಡುತ್ತಿದ್ದೆ. ಊಟಕ್ಕೆ ಮುಂಚೆ ಹೇಳುವ ಶ್ಲೋಕದ ಮುಕ್ಕಾಲು ಭಾಗ ನನಗೆ ಬಾಯಿಪಾಠ. ತೆಲುಗಿನಲ್ಲಿ ನನಗೆ ಗೊತ್ತಿದ್ದದ್ದು ‘ಬಾಗುನ್ನಾರಾ’ ಒಂದೇ. ಸ್ಪ್ಯಾನಿಷ್‌ನಲ್ಲಿ ಲೈಬ್ರರಿ ಎಲ್ಲಿದೆ ಎಂದು ಬಹಳ ಚಂದವಾಗಿ ಕೇಳಬಲ್ಲೆ. ಯಾರಾದರೂ ಉತ್ತರ ಹೇಳಿದರೆ ಮಾತ್ರ ಕಷ್ಟ.

ಕನ್ನಡದ ವಿಷಯದಲ್ಲಿ ಸುಳ್ಳಿರಲಿಲ್ಲ, ಅಥವಾ ಇಲ್ಲವೆಂದು ನಾನು ನಂಬಿದ್ದೆ. ಹುಟ್ಟಿದ್ದು ನ್ಯೂಜೆರ್ಸಿಯ ಎಡಿಸನ್‌ನಲ್ಲಾದರೂ ಮನೆಯಲ್ಲಿ ಬೆಂಗಳೂರು ಕನ್ನಡ. ಭಾನುವಾರದ ಕನ್ನಡ ಶಾಲೆಗೆ ಏಳು ವರ್ಷ ಮಣ್ಣು ಹೊತ್ತಿದ್ದೇನೆ. ಇಲ್ಲಿನ ಕನ್ನಡ ಸಂಘದ ಭಾಷಣ ಸ್ಪರ್ಧೆಯಲ್ಲಿ ಎರಡು ಸಲ ಮೊದಲ ಬಹುಮಾನ. ಒಂದು ಸಲ ಸ್ಪರ್ಧೆಗೆ ಬಂದವಳು ನಾನೊಬ್ಬಳೇ ಎಂಬುದನ್ನು ಸರ್ಟಿಫಿಕೇಟಿನಲ್ಲಿ ಯಾರೂ ಬರೆದಿಲ್ಲ. ಇಂಥ ನಾನು ಒಂದೇ ಒಂದು ಕನ್ನಡ ಪದದಿಂದಾಗಿ ಒಬ್ಬ ಅಜ್ಜನನ್ನು ತಪ್ಪು ಬಸ್ಸಿಗೆ ಹತ್ತಿಸಿದೆ. ಹೇಗೆ ಎಂದು ಹೇಳುತ್ತೇನೆ.

ಎಲ್ಲೋ ದಕ್ಷಿಣದ ಸಮುದ್ರದಲ್ಲಿ ಹುಟ್ಟಿದ ಹರಿಕೇನ್ ಚಂಡಮಾರುತ ನ್ಯೂಜೆರ್ಸಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ, ಇಲ್ಲಿಗೆ ಬರುವುದು ಅದರ ಬಾಲ ಅಷ್ಟೇ ಎಂದು ಟೀವಿಯವರು ಹೇಳಿದ್ದರು. ಬಾಲ ಬಂತು. ಬಂದದ್ದೇ ನಮ್ಮ ಊರಿನ ತಗ್ಗಿನ ಬೀದಿಗಳನ್ನೆಲ್ಲ ಗುಡಿಸಿ ಹಾಕಿತು. ರೂಟ್ ಒನ್ ಹೆದ್ದಾರಿಯ ಮೇಲೆ ಕಾರುಗಳು ಕಾಗದದ ದೋಣಿಗಳ ಹಾಗೆ ಮೆಲ್ಲಗೆ ತಿರುಗುತ್ತ ಒಂದಕ್ಕೊಂದು ಹಲೋ ಹೇಳುತ್ತಿದ್ದವು. ನದಿ ಪಕ್ಕದ ಅಪಾರ್ಟ್‌ಮೆಂಟುಗಳಿಂದ, ಸಮುದ್ರದ ಕಡೆಯ ಊರುಗಳಿಂದ, ಮನೆ ಬಿಟ್ಟು ಹೊರಟವರನ್ನೆಲ್ಲ ನಮ್ಮ ಹೈಸ್ಕೂಲಿನ ಜಿಮ್ಮಿಗೆ ತಂದು ಇಳಿಸಿದರು. ಹಿಂದಿನ ವಾರವಷ್ಟೇ ನಾನು ವಾಲಿಬಾಲ್ ಆಡುತ್ತ ನನ್ನದೇ ತಂಡದವಳ ಮೂಗಿಗೆ ಚೆಂಡು ಹೊಡೆದಿದ್ದ ಜಾಗ ಅದು. ಈಗ ಅಲ್ಲಿ ಸಾಲುಸಾಲು ಮಡಚುವ ಮಂಚಗಳು.

ಅಷ್ಟೂ ಜನರ ವೈದ್ಯಕೀಯ ಉಸ್ತುವಾರಿ ನಮ್ಮಮ್ಮನದು. ಅಮ್ಮ ಊರಿನ ಆರೋಗ್ಯ ಇಲಾಖೆಯಲ್ಲಿ ಡಾಕ್ಟರ್. ಮನೆಯಲ್ಲಿ ಹಣೆಯ ಮೇಲಿರುವ ಕನ್ನಡಕವನ್ನು ಅರ್ಧ ಗಂಟೆ ಹುಡುಕುವ ಹೆಂಗಸು. ಆದರೆ ಅವತ್ತು ಎರಡು ಫೋನ್, ಒಂದು ವಾಕಿಟಾಕಿ, ಕಿವಿಯ ಹಿಂದೆ ಒಂದು ಪೆನ್, ಜಡೆಯಲ್ಲಿ ಇನ್ನೊಂದು ಪೆನ್ ಇಟ್ಟುಕೊಂಡು ದಂಡನಾಯಕಿಯ ಹಾಗೆ ನಿಂತಿದ್ದಳು. ಇನ್ಸುಲಿನ್ ಯಾವ ಫ್ರಿಜ್ಜಿನಲ್ಲಿ, ನಾಳೆ ಡಯಾಲಿಸಿಸ್ ಯಾರಿಗೆ, ಆಂಬ್ಯುಲೆನ್ಸ್ ಯಾವ ರಸ್ತೆಯಲ್ಲಿ ಸಿಕ್ಕಿಕೊಂಡಿದೆ, ಎಲ್ಲವೂ ಅವಳ ಬಾಯಲ್ಲೇ. ಫೋನಿನಲ್ಲಿ ಯಾರೋ ‘ನಾಳೆ ಬೆಳಿಗ್ಗೆ ಕಳಿಸ್ತೀವಿ’ ಎಂದರೆ ಅವಳು ಸುಮ್ಮನೆ ಇರುತ್ತಿದ್ದಳು. ಆ ಮೌನಕ್ಕೆ ಹೆದರಿ ಅವರೇ ‘ಇಲ್ಲ, ಈಗಲೇ ಕಳಿಸ್ತೀವಿ’ ಅನ್ನುತ್ತಿದ್ದರು. ಆ ಮೌನದ ರುಚಿ ನನಗೆ ರಿಪೋರ್ಟ್ ಕಾರ್ಡಿನ ದಿನಗಳಿಂದ ಗೊತ್ತು.

ಅಮ್ಮನ ವ್ಯವಸ್ಥೆ ಸರಳವಾಗಿತ್ತು. ಬಾಗಿಲಲ್ಲೇ ಪ್ರತಿಯೊಬ್ಬರಿಗೂ ಒಂದು ಫಾರ್ಮ್ ತುಂಬಿಸಿ ಕೈಗೆ ಬಣ್ಣದ ಪಟ್ಟಿ ಕಟ್ಟಬೇಕು. ಆಕ್ಸಿಜನ್ನೋ ಮಷಿನ್ನೋ ಏನಾದರೂ ಕರೆಂಟಿನ ಆಸರೆ ಬೇಕಾದವರಿಗೆ ಕೆಂಪು. ಅವರು ಜನರೇಟರ್ ಇರುವ ಈ ಜಿಮ್ಮಿನಲ್ಲೇ, ಪ್ಲಗ್ಗಿನ ಪಕ್ಕದಲ್ಲೇ ಇರಬೇಕು. ಕಣ್ಣಿಡಬೇಕಾದವರಿಗೆ ಹಳದಿ. ಗಟ್ಟಿಮುಟ್ಟಾಗಿರುವವರಿಗೆ ಹಸಿರು. ಹಸಿರಿನವರನ್ನು ಸ್ಕೂಲ್ ಬಸ್ಸಿನಲ್ಲಿ ಊರಿನ ಆಚೆ ತುದಿಯ ಸಮುದಾಯ ಭವನಕ್ಕೆ ಕಳಿಸುವುದು. ಅಲ್ಲಿ ಕರೆಂಟಿಲ್ಲ, ಡಾಕ್ಟರಿಲ್ಲ, ಕಾಫಿ ಮಾತ್ರ ಧಾರಾಳ. ಲಗೇಜು ಬಸ್ಸಿನಲ್ಲಿ ಹಿಡಿಸದ ಕಾರಣ ಆಮೇಲೆ ಇನ್ನೊಂದು ಗಾಡಿಯಲ್ಲಿ.

ನಮ್ಮ ಟೇಬಲ್ಲಿನ ಯಜಮಾನಿ ಹೆಡ್ ನರ್ಸ್. ಆರಡಿ ಎತ್ತರದ ಅಮೆರಿಕನ್ ಹೆಂಗಸು. ಆಕೆ ನಕ್ಕರೆ ಬಾಸ್ಕೆಟ್‌ಬಾಲ್ ಬಲೆಗಳು ಅಲ್ಲಾಡುತ್ತಿದ್ದವು. ಮೊದಮೊದಲು ಆಕೆಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. ನಾನು ಬರೆದ ಪ್ರತಿ ಫಾರ್ಮನ್ನೂ ಎರಡೆರಡು ಸಲ ನೋಡುತ್ತಿದ್ದಳು. ಅಷ್ಟರಲ್ಲಿ ಕೆಂಡಲ್ ಪಾರ್ಕ್ ಊರಿನ ಒಬ್ಬ ಆಂಟಿ ಬಂದು, ಇಂಗ್ಲಿಷಿನಲ್ಲೇ, ಬಹಳ ಗಂಭೀರವಾಗಿ, ‘ಐ ಹ್ಯಾವ್ ಶುಗರ್’ ಎಂದರು. ಹೆಡ್ ನರ್ಸ್ ಅವರ ಕೈ ಹಿಡಿದು, ತುಂಬ ಥ್ಯಾಂಕ್ಸ್, ನಿಮ್ಮಲ್ಲೇ ಇಟ್ಟುಕೊಳ್ಳಿ, ನಮ್ಮ ಕಾಫಿಗೆ ಬೇಕಾದಷ್ಟಿದೆ ಎಂದಳು. ಆಂಟಿ, ‘ನೋ ನೋ, ಲಾಟ್ ಆಫ್ ಶುಗರ್’ ಎಂದರು. ಎಷ್ಟು ಚೀಲ ಎಂದು ನರ್ಸ್ ಕೇಳುವ ಮುಂಚೆ ನಾನು ನಡುವೆ ಹಾರಿ, ಇದು ಸಕ್ಕರೆಯಲ್ಲ, ಡಯಾಬಿಟಿಸ್ ಎಂದು ಬಿಡಿಸಿ ಹೇಳಿದೆ. ಆಂಟಿಗೆ ಹಳದಿ ಪಟ್ಟಿ ಸಿಕ್ಕಿತು. ನನಗೆ ಮಹಾಪಂಡಿತೆಯ ಪಟ್ಟ ಸಿಕ್ಕಿತು. ಅವತ್ತಿನಿಂದ, ಅಂದರೆ ಆ ಮಧ್ಯಾಹ್ನ ಎರಡು ಗಂಟೆಯಿಂದ, ಹೆಡ್ ನರ್ಸ್ ನನ್ನ ಫಾರ್ಮುಗಳನ್ನು ತಿರುಗಿ ನೋಡುವುದನ್ನು ಬಿಟ್ಟಳು.

ಎರಡೂವರೆಗೆ ಅಜ್ಜ ಬಂದರು.

ಅವರನ್ನು ಅಗ್ನಿಶಾಮಕದವರು ಗ್ರೌಂಡ್ ಫ್ಲೋರಿನ ಕಿಟಕಿಯಿಂದ ದೋಣಿಗೆ ಇಳಿಸಿ ತಂದಿದ್ದರು. ಪಂಚೆ, ಮಗನ ನೈಲಾನ್ ಜಾಕೆಟ್, ಮಂಕಿ ಕ್ಯಾಪ್, ಕಾಲಲ್ಲಿ ದೋಣಿಗಿಂತ ದೊಡ್ಡ ಸ್ಪೋರ್ಟ್ಸ್ ಶೂ. ಎದೆಗೆ ಅವುಚಿಕೊಂಡ ಒಂದು ಬಟ್ಟೆಯ ಕೈಚೀಲ. ಮಗ ಬೆಳಿಗ್ಗೆ ಆಫೀಸಿಗೆಂದು ನ್ಯೂಯಾರ್ಕಿಗೆ ಹೋದವನು, ರೈಲು ನಿಂತು ಅಲ್ಲೇ ಸಿಕ್ಕಿಕೊಂಡಿದ್ದ.

‘ಕನ್ನಡ ಬರತೈತೇನವಾ ತಂಗಿ?’ ಎಂದರು ನನ್ನ ಬ್ಯಾಡ್ಜ್ ನೋಡಿ.

‘ಬರತ್ತೆ ತಾತ. ತುಂಬ ಚೆನ್ನಾಗಿ ಬರತ್ತೆ. ಭಾಷಣ ಎಲ್ಲ ಮಾಡ್ತೀನಿ.’

‘ಭಾಷಣ ಬ್ಯಾಡವಾ ಈಗ. ಒಂದು ಕುರ್ಚಿ ಕೊಡು ಸಾಕು.’

ಕುರ್ಚಿ ಕೊಟ್ಟೆ. ಊರು ಧಾರವಾಡ ಎಂದರು. ವಯಸ್ಸು ಕೇಳಿದೆ.

‘ಪಾಸ್‌ಪೋರ್ಟಿನ್ಯಾಗ ಎಪ್ಪತ್ತಾರು ಐತಿ. ಆದರ ಸಾಲಿಗೆ ಹಾಕೂಮುಂದ ಮಾಸ್ತರು ತಮಗ ತಿಳಿದಿದ್ದು ಬರಕೊಂಡಾರ. ಪಾಸ್‌ಪೋರ್ಟಿಂದs ಬರಿ, ಜಗಳ ಬ್ಯಾಡ.’

‘ಬಿಪಿ ಇದೆಯಾ ತಾತ?’

‘ಇಲ್ಲ.’

‘ಶುಗರ್?’

‘ಚಾಕ್ಕ ಎರಡು ಚಮಚ.’

‘ಅಯ್ಯೋ, ಕಾಯಿಲೆ ತಾತ, ಕಾಯಿಲೆ.’

‘ಓ, ಅದಾ. ಅದೇನಿಲ್ಲ.’

‘ಬೇರೆ ಏನಾದ್ರೂ ಇದೆಯಾ?’

‘ಮತ್ತೇನಿಲ್ಲವಾ.’ ಅಜ್ಜ ಎದೆಯ ಮೇಲೆ ಎರಡು ಸಲ ತಟ್ಟಿಕೊಂಡರು. ‘ದಮ್ಮೈತಿ, ಅಷ್ಟs.’

ಇಲ್ಲಿ ಸ್ವಲ್ಪ ನನ್ನ ಕಡೆಯಿಂದಲೂ ಯೋಚಿಸಬೇಕು. ನಮ್ಮ ಮನೆಯಲ್ಲಿ ದಮ್ಮು ಎಂದರೆ ಧೈರ್ಯ, ಕೆಚ್ಚು. ‘ದಮ್ಮಿದ್ರೆ ಮಾಡಿ ತೋರ್ಸು’ ಎಂದು ಅಪ್ಪ ನನಗೆ ಪ್ರತಿ ವಾರ ಸವಾಲು ಹಾಕುತ್ತಾನೆ, ಹೆಚ್ಚಾಗಿ ನನ್ನ ರೂಮು ಗುಡಿಸುವ ವಿಷಯದಲ್ಲಿ. ಈಗ ಎಪ್ಪತ್ತಾರರ ಒಬ್ಬ ಮುದುಕರು, ಕಿಟಕಿಯಿಂದ ದೋಣಿಗೆ ಇಳಿದು ಬಂದವರು, ಎದೆ ತಟ್ಟಿಕೊಂಡು ದಮ್ಮೈತಿ ಎನ್ನುತ್ತಿದ್ದಾರೆ. ನನಗೆ ರೋಮಾಂಚನವಾಯಿತು.

‘ಸೂಪರ್ ತಾತ! ಯಾವಾಗಿಂದ?’

‘ಸಣ್ಣಾಂವ ಇದ್ದಾಗಿಂದ ಐತವಾ. ನಮ್ಮಪ್ಪಗೂ ಇತ್ತು.’

‘ಅಂದ್ರೆ ಮನೆತನದಲ್ಲೇ ಇದೆ!’

‘ಹೂಂನವಾ, ಖಾನದಾನಿ.’ ಅಜ್ಜ ನನ್ನ ಉತ್ಸಾಹ ಕಂಡು ಸ್ವಲ್ಪ ಹಿಂದೆ ಸರಿದು ಕೂತರು. ‘ಥಂಡಿ ದಿನದಾಗ ಭಾಳ ಜಾಸ್ತಿ ಆಕೈತಿ.’

ಚಳಿಯಲ್ಲೇ ಅಲ್ಲವೇ ಧೈರ್ಯ ಬೇಕಾಗುವುದು. ಜನವರಿಯ ಬೆಳಿಗ್ಗೆ ಆರಕ್ಕೆ ಡ್ರೈವ್‌ವೇಯ ಹಿಮ ತೆಗೆದವರಿಗೆ ಗೊತ್ತು. ಕಾಯಿಲೆಗಳ ಚೌಕದಲ್ಲಿ ನನ್ನ ಅತ್ಯಂತ ಸುಂದರ ಅಕ್ಷರಗಳಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು: ‘ಕಾಯಿಲೆ ಏನೂ ಇಲ್ಲ. ಬಾಲ್ಯದಿಂದಲೂ ಗುಂಡಿಗೆ ಗಟ್ಟಿ. ವಂಶಪಾರಂಪರ್ಯ. ಚಳಿಗಾಲದಲ್ಲಿ ಹೆಚ್ಚಾಗುತ್ತದೆ.’

ಇಷ್ಟಕ್ಕೇ ನಿಂತಿದ್ದರೆ ನನ್ನ ತಪ್ಪು ಅರ್ಧ ತಪ್ಪಾಗುತ್ತಿತ್ತು. ಅಜ್ಜ ಕೈಚೀಲ ತಟ್ಟಿ ನನ್ನ ಕಡೆ ಬಾಗಿದರು.

‘ತಂಗಿ, ಇದರಾಗ ದಮ್ಮಿನ ಮಷಿನ್ ಐತಿ. ಹೊಗಿ ಬರತೈತಿ, ಎಳಕೋಬೇಕು. ಪ್ಲಗ್ಗು ಎಲ್ಲೈತಿ ಇಲ್ಲೆ?’

ನನ್ನ ರೋಮಾಂಚನ ಅಲ್ಲಿಗೆ ಇಳಿಯಿತು. ಬೆಂಗಳೂರಿನಲ್ಲಿ ನಮ್ಮ ಸೋದರಮಾವ ಊಟವಾದ ಮೇಲೆ ‘ಒಂದು ದಮ್ ಎಳ್ಕೊಂಡ್ ಬರ್ತೀನಿ’ ಎಂದು ಟೆರೇಸಿಗೆ ಹೋಗುತ್ತಾರೆ, ಬರುವಾಗ ಏಲಕ್ಕಿ ಅಗಿಯುತ್ತ ಬರುತ್ತಾರೆ. ದಮ್ಮಿನ ಮಷಿನ್, ಹೊಗೆ, ಎಳೆಯುವುದು, ಚಾರ್ಜಿಗೆ ಪ್ಲಗ್ಗು. ಎರಡೂ ಎರಡೂ ನಾಲ್ಕು. ಅಜ್ಜ ವೇಪ್ ಮಾಡುತ್ತಾರೆ, ಅಂದರೆ ಕರೆಂಟಿನ ಸಿಗರೇಟು ಸೇದುತ್ತಾರೆ! ನಮ್ಮ ಸ್ಕೂಲಿನಲ್ಲಿ ಅದು ಕೊಲೆಗಿಂತ ಸ್ವಲ್ಪವೇ ಕಡಿಮೆ ಅಪರಾಧ. ಬಾತ್‌ರೂಮಿನಲ್ಲೂ ಅಲಾರ್ಮ್ ಇಟ್ಟಿದ್ದಾರೆ. ನಾನು ಆಚೀಚೆ ನೋಡಿ ದನಿ ತಗ್ಗಿಸಿದೆ.

‘ತಾತ, ಮೆಲ್ಲಗೆ. ಇಲ್ಲಿ ಅದೆಲ್ಲ ಬಿಡಲ್ಲ. ಸಿಕ್ಕಿಬಿದ್ರೆ ಸಸ್ಪೆಂಡ್ ಮಾಡ್ತಾರೆ.’

‘ನನ್ನಾ?’

‘ಯಾರಾದ್ರೂ ಸರಿ.’

‘ಡಾಕ್ಟರs ಕೊಟ್ಟಾರಲ್ಲವಾ ಅದನ್ನ.’

‘ಎಲ್ಲರೂ ಹಂಗೇ ಹೇಳ್ತಾರೆ ತಾತ.’ ನಮ್ಮ ಕ್ಲಾಸಿನಲ್ಲಿ ನಿಜಕ್ಕೂ ಎಲ್ಲರೂ ಹಾಗೇ ಹೇಳುತ್ತಾರೆ. ‘ನಾನು ಜೋಪಾನವಾಗಿ ಇಟ್ಕೋತೀನಿ, ಯಾರಿಗೂ ಹೇಳಲ್ಲ. ಪ್ರಾಮಿಸ್.’

ಅಜ್ಜನಿಗೆ ಅಮೆರಿಕದ ಕಾನೂನು ತಿಳಿಯದು. ಹೀಗೂ ಇರಬಹುದೇನೋ ಎಂದುಕೊಂಡಿರಬೇಕು. ‘ಹುಷಾರಿಂದ ಇಡು ಮತ್ತ. ಸಂಜಿಮುಂದ ಬೇಕಾಕೈತಿ’ ಎಂದು ಚೀಲ ಕೊಟ್ಟರು. ನಾನು ಅದನ್ನು ಟೇಬಲ್ಲಿನ ಕೆಳಗೆ, ನನ್ನ ರೈನ್‌ಕೋಟಿನ ಅಡಿಯಲ್ಲಿ ಬಚ್ಚಿಟ್ಟು, ಅವರ ಕೈಗೆ ಹಸಿರು ಪಟ್ಟಿ ಕಟ್ಟಿ, ಬಸ್ಸಿನವರೆಗೆ ಕೈಹಿಡಿದು ಕರೆದುಕೊಂಡು ಹೋಗಿ ಹತ್ತಿಸಿದೆ. ಒಳ್ಳೆಯ ಕೆಲಸ ಮಾಡಿದವಳ ನಡಿಗೆಯಲ್ಲಿ ವಾಪಸು ಬಂದೆ.

ಫೈಲಿಗೆ ಸೇರಿಸುವಾಗ ಹೆಡ್ ನರ್ಸ್ ನನ್ನ ಫಾರ್ಮ್ ಓದಿ ನಕ್ಕ ನಗುವಿಗೆ ಮಲಗಿದ್ದ ಮೂರು ಕೂಸುಗಳು ಎದ್ದು ಅತ್ತವು. ಬೆಳಗಿನಿಂದ ಎಲ್ಲರ ಮುಖವೂ ಜೋತುಬಿದ್ದಿತ್ತು, ಹಾಗಾಗಿ ಅವಳು ಅದರ ಒಂದು ಪ್ರತಿ ತೆಗೆದು, ಹೆಸರಿನ ಮೇಲೆ ಟೇಪು ಅಂಟಿಸಿ, ನೋಟಿಸ್ ಬೋರ್ಡಿಗೆ ಚುಚ್ಚಿದಳು. ಹೋಗುವವರು ಬರುವವರು ಓದಿ ನಕ್ಕರು. ಕಾಯಿಲೆಗಳ ಚೌಕದಲ್ಲಿ ಧೈರ್ಯ ಎಂದು ಬರೆಸಿದ ಅಜ್ಜ ಯಾರು ಎಂದು ಎಲ್ಲರಿಗೂ ಕುತೂಹಲ. ನಾನು ಬೋರ್ಡಿನ ಪಕ್ಕದಲ್ಲೇ, ಅಚಾನಕ್ಕಾಗಿ ನಿಂತವಳ ಹಾಗೆ, ಇಪ್ಪತ್ತು ನಿಮಿಷ ನಿಂತಿದ್ದೆ.

ಅಮ್ಮ ಎರಡು ಫೋನುಗಳ ನಡುವೆ ಅಲ್ಲಿಗೆ ಬಂದಳು. ಓದಿದಳು. ನಾನು ನಗುವಿಗಾಗಿ ಕಾದೆ.

‘ಯಾರೇ ಇದನ್ನ ಬರೆದಿದ್ದು?’

‘ನಾನೇ ಅಮ್ಮ.’ ಬ್ಯಾಡ್ಜ್ ನೇರ ಮಾಡಿಕೊಂಡೆ.

‘ಅವ್ರು ಕನ್ನಡದಲ್ಲಿ ಏನಂದ್ರು? ಅವ್ರ ಬಾಯಲ್ಲಿ ಬಂದ ಮಾತು ಹೇಳು.’

‘ದಮ್ಮೈತಿ ಅಂದ್ರು.’

‘ಯಾವೂರೋರು?’

‘ಧಾರವಾಡ.’

ಅಮ್ಮ ಕಣ್ಣು ಮುಚ್ಚಿದಳು. ‘ಆರು ವರ್ಷ ಹುಬ್ಬಳ್ಳೀಲಿ ಮೆಡಿಕಲ್ ಓದಿದೀನಿ ನಾನು. ಆ ಕಡೆ ದಮ್ಮು ಅಂದ್ರೆ ಆಸ್ತಮಾ ಕಣೇ!’

ನಾನು ನನ್ನ ಸುಂದರ ಅಕ್ಷರಗಳನ್ನು ಮತ್ತೊಮ್ಮೆ ಓದಿದೆ. ಬಾಲ್ಯದಿಂದಲೂ ಇದೆ. ವಂಶಪಾರಂಪರ್ಯ. ಚಳಿಗಾಲದಲ್ಲಿ ಹೆಚ್ಚಾಗುತ್ತದೆ. ಒಂದು ಪದ ಬಿಟ್ಟರೆ ಯಾವ ಡಾಕ್ಟರೂ ಇದಕ್ಕಿಂತ ಅಚ್ಚುಕಟ್ಟಾಗಿ ಕೇಸ್ ಹಿಸ್ಟರಿ ಬರೆಯಲಾರರು. ಆ ಒಂದು ಪದ ಮಾತ್ರ ಬಸ್ಸಿನಲ್ಲಿ ಕೂತು, ಕೈಗೆ ಹಸಿರು ಪಟ್ಟಿ ಕಟ್ಟಿಕೊಂಡು, ಕರೆಂಟೂ ಡಾಕ್ಟರೂ ಇಲ್ಲದ ಕಡೆಗೆ ಹೊರಟುಹೋಗಿತ್ತು.

‘ಅವ್ರ ಹತ್ರ ಇನ್ಹೇಲರ್ ಏನಾದ್ರೂ ಇದೆಯಂತಾ? ನೆಬ್ಯುಲೈಸರ್ ಮಷಿನ್?’

ನಾನು ಟೇಬಲ್ಲಿನ ಕೆಳಗೆ ನೋಡಿದೆ. ಅಮ್ಮನೂ ನೋಡಿದಳು.

‘ಇದೆ’ ಎಂದೆ.

‘ಎಲ್ಲಿದೆ?’

‘ನನ್ನ ಹತ್ರ.’

‘ನಿನ್ನ ಹತ್ರ ಯಾಕಿದೆ?’

‘ವೇಪ್ ಅಂದ್ಕೊಂಡೆ.’

ಅಮ್ಮ ಬೈಯಲಿಲ್ಲ. ಅದೇ ಭಯವಾಗಿದ್ದು. ಬೋರ್ಡಿನಿಂದ ಕಾಗದ ಕಿತ್ತು ನನ್ನ ಕೈಗೆ ಕೊಟ್ಟು, ವಾಕಿಟಾಕಿ ಎತ್ತಿಕೊಂಡಳು. ಬಸ್ಸಿನ ಡ್ರೈವರ್ ಸಿಕ್ಕಿದ. ರೈಲ್ವೆ ಸೇತುವೆಯ ಕೆಳಗಿನ ರಸ್ತೆಯಲ್ಲಿ ನೀರು ತುಂಬಿದೆ, ಮುಂದೆ ಹೋಗಲಾರೆ, ಹಿಂದೆ ಒಂದು ಮರ ಅಡ್ಡ ಬಿದ್ದಿದೆ, ತಿರುಗಿಸಲಾರೆ ಎಂದ. ಮಂಕಿ ಕ್ಯಾಪಿನ ಮುದುಕರು ಹೇಗಿದ್ದಾರೆ ಎಂದು ಅಮ್ಮ ಕೇಳಿದಳು.

ಅವರಾ, ಬಸ್ಸಿನಲ್ಲೇ ಅತಿ ಮಾತಿನವರು ಅವರು ಎಂದ ಡ್ರೈವರ್. ಯಾರಿಗೂ ಭಾಷೆ ಬಾರದಿದ್ದರೂ ಏನೋ ಕತೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಆಮೇಲೆ ಒಂದು ಕ್ಷಣ ತಡೆದು ಹೇಳಿದ: ಹತ್ತು ನಿಮಿಷದಿಂದ ಮಾತಿಲ್ಲ. ಮೊಣಕಾಲ ಮೇಲೆ ಕೈಯೂರಿ ಮುಂದಕ್ಕೆ ಬಾಗಿ ಕೂತಿದ್ದಾರೆ.

ಅಮ್ಮನ ಮುಖ ನೋಡಿ ನನಗೆ ವಿಷಯ ಅರ್ಥವಾಯಿತು. ಅದಕ್ಕೆ ಯಾವ ಭಾಷೆಯೂ ಬೇಕಾಗಲಿಲ್ಲ.

ಇದ್ದ ಆಂಬ್ಯುಲೆನ್ಸ್‌ಗಳೆಲ್ಲ ಎಲ್ಲೆಲ್ಲೋ ಹೋಗಿದ್ದವು. ಅಮ್ಮ ಒಂದು ಫೋನಿನಲ್ಲಿ ಅಗ್ನಿಶಾಮಕದ ಎತ್ತರದ ಚಕ್ರದ ಟ್ರಕ್ಕನ್ನು ಹಿಡಿದಳು, ಇನ್ನೊಂದರಲ್ಲಿ ಪ್ಯಾರಾಮೆಡಿಕ್ ಒಬ್ಬನನ್ನು ಹಿಡಿದಳು, ಎರಡನ್ನೂ ಸ್ಕೂಲಿನ ಬಾಗಿಲಲ್ಲಿ ಕೂಡಿಸಿದಳು. ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

‘ನೀನೂ ಹೋಗು.’

‘ನಾನಾ?’

‘ನಾನು ಇವರನ್ನೆಲ್ಲ ಬಿಟ್ಟು ಬರಕ್ಕಾಗಲ್ಲ. ಅವರ ಮಾತು ತಿಳಿಯೋ ಇನ್ನೊಬ್ಬರು ಯಾರಿದ್ದಾರೆ ಇಲ್ಲಿ? ಬಸ್ಸಿಂದ ಆಚೆ ಕಾಲಿಡಬೇಡ. ಕತೆ ಕಟ್ಟಬೇಡ.’

ಚೀಲವನ್ನು ಹಸುಗೂಸಿನ ಹಾಗೆ ಎದೆಗೆ ಅವುಚಿಕೊಂಡು ಟ್ರಕ್ ಹತ್ತಿದೆ. ಸಾಧಾರಣ ದಿನವಾಗಿದ್ದರೆ ಆ ಟ್ರಕ್ಕಿನ ಸವಾರಿಯ ಬಗ್ಗೆ ನಾನು ಮೂರು ತಿಂಗಳು ಕೊಚ್ಚಿಕೊಳ್ಳುತ್ತಿದ್ದೆ. ಸೆಲ್ಫಿ ತೆಗೆಯುವ ಯೋಚನೆಯೇ ಬರಲಿಲ್ಲ ಎಂದರೆ ನೀವು ನಂಬುವುದಿಲ್ಲ, ನಂಬಬೇಡಿ. ಬಂತು. ಟ್ರಕ್ ಎಷ್ಟು ಕುಲುಕುತ್ತಿತ್ತೆಂದರೆ ಚಿತ್ರದಲ್ಲಿ ಒಂದು ಹುಬ್ಬು, ಅರ್ಧ ಮೂಗು ಮಾತ್ರ ಸಿಕ್ಕಿದವು. ಚಕ್ರದ ಎತ್ತರಕ್ಕೆ ನೀರು, ನೀರಿನಲ್ಲಿ ಯಾರದೋ ಮೇಲ್‌ಬಾಕ್ಸ್ ತನ್ನ ಪುಟ್ಟ ತಗಡು ಬಾವುಟ ಎತ್ತಿಕೊಂಡು ತೇಲಿಹೋಗುತ್ತಿತ್ತು. ಬಿದ್ದ ಮರವನ್ನು ಕೊಯ್ದು ಸರಿಸುವಷ್ಟು ಹೊತ್ತೂ ನಾನು ಬೋರ್ಡಿನ ಪಕ್ಕ ನಿಂತ ಇಪ್ಪತ್ತು ನಿಮಿಷಗಳನ್ನು ಲೆಕ್ಕ ಹಾಕುತ್ತ ಕೂತಿದ್ದೆ.

ಬಸ್ಸು ಹತ್ತಿದೆವು. ಕಿಟಕಿಗಳನ್ನೆಲ್ಲ ತೆರೆದಿದ್ದರು. ಅಜ್ಜ ಅದೇ ಭಂಗಿಯಲ್ಲಿ ಕೂತಿದ್ದರು. ಹೆಗಲೆರಡೂ ಉಸಿರಿಗೊಮ್ಮೆ ಕಿವಿಯವರೆಗೆ ಏರಿ ಇಳಿಯುತ್ತಿದ್ದವು. ಎದೆಯೊಳಗಿನಿಂದ ಸಣ್ಣಗೆ ಕೊಳಲಿನಂಥ ಸಿಳ್ಳು ಬರುತ್ತಿತ್ತು. ನನ್ನನ್ನು ಕಂಡು ತಲೆ ಎತ್ತಿದರು.

‘ಬಂದೇನವಾ...’ ಒಂದು ಉಸಿರು. ‘ಮಷಿನ್...’ ಇನ್ನೊಂದು ಉಸಿರು. ‘ತಂದೀ?’

‘ತಂದೆ ತಾತ. ಸಾರಿ ತಾತ.’

ಪ್ಯಾರಾಮೆಡಿಕ್ ಅವರ ಬೆರಳಿಗೆ ಕ್ಲಿಪ್ ಸಿಕ್ಕಿಸಿ ಆಕ್ಸಿಜನ್ನಿನ ಅಂಕಿ ನೋಡಿದ. ತೊಂಬತ್ತಕ್ಕಿಂತ ಕೆಳಗಿತ್ತು. ಚೀಲದಲ್ಲಿದ್ದ ಮಷಿನ್ನಿಗೆ ಪ್ಲಗ್ ಬೇಕು, ಬಸ್ಸಿನಲ್ಲಿ ಇಲ್ಲ ಎಂದು ಅದನ್ನು ಪಕ್ಕಕ್ಕಿಟ್ಟು, ಅದರ ಜತೆಗಿದ್ದ ಡಾಕ್ಟರ ಚೀಟಿಯನ್ನು ಓದಿದ. ತನ್ನಲ್ಲಿದ್ದ ಅದೇ ಔಷಧವನ್ನು ಮಾಸ್ಕಿಗೆ ಹಾಕಿ, ಆಕ್ಸಿಜನ್ ಸಿಲಿಂಡರಿಗೆ ಜೋಡಿಸಿ, ಅಜ್ಜನ ಮುಖಕ್ಕೆ ಕಟ್ಟಿದ. ಬಿಳಿ ಹೊಗೆ ಮಾಸ್ಕಿನ ಅಂಚಿನಿಂದ ನುಣುಚಿ ಬರತೊಡಗಿತು. ಅಜ್ಜ ಹೇಳಿದ್ದು ಅಕ್ಷರಶಃ ನಿಜ. ಹೊಗೆ ಬರುತ್ತದೆ, ಎಳೆದುಕೊಳ್ಳಬೇಕು.

ಅವರ ಜತೆ ಮಾತಾಡುತ್ತಿರು, ಗಾಬರಿಯಾಗದಂತೆ ನೋಡಿಕೋ ಎಂದು ಪ್ಯಾರಾಮೆಡಿಕ್ ಹೇಳಿದ. ಮಾತಾಡು ಎಂದು ನನಗೆ ಹೇಳಬಾರದು. ನಾನು ಅವರ ಕೈ ಹಿಡಿದುಕೊಂಡು ಎಲ್ಲವನ್ನೂ ಒಪ್ಪಿಕೊಂಡೆ. ನಮ್ಮ ಮನೆಯಲ್ಲಿ ದಮ್ಮು ಅಂದರೆ ಏನು, ನಾನು ಫಾರ್ಮಿನಲ್ಲಿ ಏನು ಬರೆದೆ, ಅದನ್ನು ಬೋರ್ಡಿಗೆ ಚುಚ್ಚಿದ್ದು, ನಮ್ಮ ಮಾವನ ಟೆರೇಸು, ಏಲಕ್ಕಿ, ಬಾತ್‌ರೂಮಿನ ಅಲಾರ್ಮು. ಅಜ್ಜ ಮಾಸ್ಕಿನ ಮೇಲಿನಿಂದ ಕಣ್ಣು ದೊಡ್ಡದು ಮಾಡಿಕೊಂಡು ಕೇಳುತ್ತಿದ್ದರು. ‘ಚಳಿಗಾಲದಲ್ಲಿ ಧೈರ್ಯ ಜಾಸ್ತಿ ಆಗತ್ತೆ ಅಂತ ಬರೆದೆ ತಾತ’ ಎಂದಾಗ ಅವರ ಭುಜಗಳು ಗಡಗಡ ಅಲುಗಿದವು. ಕಣ್ಣಲ್ಲಿ ನೀರು ಬಂತು. ಕೆಮ್ಮು ಬಂತು. ಬೆರಳಿನ ಕ್ಲಿಪ್ಪು ಕುಂಯ್ ಎಂದು ಕೂಗಿಕೊಂಡಿತು.

ಪ್ಯಾರಾಮೆಡಿಕ್ ಹಾರಿ ಬಂದ. ಏನು ಹೇಳಿದೆ ನೀನು ಅವರಿಗೆ? ಅವರು ನಗುತ್ತಿದ್ದಾರೆ ಅಷ್ಟೇ ಎಂದೆ. ಅವರನ್ನು ನಗಿಸಬೇಡ, ಈ ಔಷಧ ಮುಗಿಯುವ ತನಕ ತಮಾಷೆಯ ಒಂದು ಮಾತೂ ಬೇಡ ಎಂದು ಬೆರಳು ತೋರಿಸಿ ಎಚ್ಚರಿಸಿದ.

ನನಗೆ ಇಂಥ ಶಿಕ್ಷೆ ಯಾವ ಪ್ರಿನ್ಸಿಪಾಲರೂ ಕೊಟ್ಟಿಲ್ಲ. ಎದುರಿಗೆ ನಗಲು ಸಿದ್ಧನಾಗಿ ಕೂತ ಒಬ್ಬ ಪ್ರೇಕ್ಷಕ, ಬಾಯಲ್ಲಿ ಇನ್ನೂ ಒಂದು ಡಜನ್ ವಿವರ, ಹೇಳುವ ಹಾಗಿಲ್ಲ. ನಾನು ಬಸ್ಸಿನ ರೂಲ್ಸ್ ಬೋರ್ಡನ್ನು ಕನ್ನಡಕ್ಕೆ ಅನುವಾದಿಸಿ ಓದಿ ಹೇಳಿದೆ. ಕಿಟಕಿಯಿಂದ ಕೈ ಹೊರಗೆ ಹಾಕಬಾರದು. ಬಸ್ಸಿನಲ್ಲಿ ತಿನ್ನಬಾರದು. ಅಜ್ಜ ಅದಕ್ಕೂ ನಗಲು ಹೊರಟರು. ನಾನು ಬಾಯಿ ಮುಚ್ಚಿ ಕ್ಲಿಪ್ಪಿನ ಅಂಕಿಯನ್ನೇ ನೋಡುತ್ತ ಕೂತೆ. ಅದು ಒಂದು ಏರುತ್ತಿತ್ತು, ಒಂದು ಇಳಿಯುತ್ತಿತ್ತು. ಪರೀಕ್ಷೆಯ ಮಾರ್ಕ್ಸಿಗಾಗಿ ನಾನು ಹಾಗೆ ಯಾವತ್ತೂ ಬೇಡಿಕೊಂಡಿಲ್ಲ. ಸಿಳ್ಳು ಮೊದಲು ಸಣ್ಣದಾಯಿತು, ಆಮೇಲೆ ಎಲ್ಲೋ ಆಚೆ ಬೀದಿಯಲ್ಲಿ ಊದಿದ ಹಾಗೆ ಆಯಿತು. ಹೆಗಲು ಕಿವಿಯನ್ನು ಬಿಟ್ಟು ಕೆಳಗಿಳಿಯಿತು. ಅಂಕಿ ತೊಂಬತ್ತು ದಾಟಿ ಅಲ್ಲೇ ನಿಂತಿತು.

ಮಾಸ್ಕ್ ತೆಗೆದ ಮೇಲೆ ಅಜ್ಜ ಮೊದಲು ಕೇಳಿದ್ದು, ‘ಖಾನದಾನಿ ಅನ್ನೋದನ್ನೂ ಬರದೇನು?’

‘ಬರೆದೆ ತಾತ.’

‘ಅದು ಸುಳ್ಳಲ್ಲ ತಗಿ.’ ಮಂಕಿ ಕ್ಯಾಪ್ ಸರಿಮಾಡಿಕೊಂಡರು. ‘ಮತ್ತ ನಿಮ್ಮ ಕಡೆ ದಮ್ಮಿಗೆ ಏನಂತಾರ?’

‘ಆಸ್ತಮಾ.’

‘ಅದು ಇಂಗ್ಲಿಷ್ ಆತು. ಕನ್ನಡದಾಗ?’

ನಾನು ಯೋಚಿಸಿದೆ. ಇನ್ನೂ ಯೋಚಿಸಿದೆ. ಏಳು ವರ್ಷದ ಭಾನುವಾರಗಳು, ಎರಡು ಮೊದಲ ಬಹುಮಾನಗಳು ನನ್ನ ತಲೆಯೊಳಗೆ ಕೈಕಟ್ಟಿ ನಿಂತಿದ್ದವು. ‘ಗೊತ್ತಿಲ್ಲ ತಾತ’ ಎಂದೆ. ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ.

‘ಹೇಗಿದ್ದಾರೆ?’ ಫೋನ್ ಎತ್ತುತ್ತಲೇ ಅಮ್ಮ.

‘ಮಾತಾಡ್ತಿದ್ದಾರೆ. ಪ್ರಶ್ನೆ ಕೇಳ್ತಿದ್ದಾರೆ.’

ಆ ಕಡೆ ಅಮ್ಮ ಇಷ್ಟು ಹೊತ್ತು ಹಿಡಿದಿಟ್ಟಿದ್ದ ಉಸಿರು ಬಿಟ್ಟದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

‘ಅಮ್ಮಾ, ನಮ್ಮ ಕಡೆ ಆಸ್ತಮಾಗೆ ಏನಂತಾರೆ?’

‘ಉಬ್ಬಸ. ಫೋನ್ ಇಡೇ ಈಗ.’

‘ಉಬ್ಬಸವಂತೆ ತಾತ.’

‘ಉಬ್ಬಸ.’ ಅಜ್ಜ ಅದನ್ನು ಬಾಯಲ್ಲಿ ಹೊರಳಿಸಿ ನೋಡಿದರು. ‘ಛಲೋ ಐತಿ. ಹೇಳೂಮುಂದನs ಉಸಿರು ಕಟ್ಟತೈತಿ.’

ಟ್ರಕ್ಕಿನಲ್ಲೇ ಅವರನ್ನು ಜಿಮ್ಮಿಗೆ ವಾಪಸು ತಂದೆವು. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಸ್ಟೆತಸ್ಕೋಪ್ ಇಟ್ಟು ಬೆನ್ನು, ಎದೆ ಎಲ್ಲ ಕೇಳಿ, ಹುಬ್ಬಳ್ಳಿಯಲ್ಲಿ ಕಲಿತ ಕನ್ನಡದಲ್ಲಿ, ‘ಈಗ ಆರಾಮ ಐತೇನ್ರೀ?’ ಎಂದಳು. ನಮ್ಮಮ್ಮನ ಬಾಯಲ್ಲಿ ಆ ಕನ್ನಡ ನಾನು ಕೇಳಿದ್ದು ಅದೇ ಮೊದಲು. ತಾನೇ ಹಸಿರು ಪಟ್ಟಿ ಕತ್ತರಿಸಿ ಕೆಂಪು ಕಟ್ಟಿದಳು. ಪ್ಲಗ್ಗಿನ ಪಕ್ಕದ ಮಂಚ, ಪಕ್ಕದಲ್ಲಿ ಮಷಿನ್. ಹೊಸ ಫಾರ್ಮನ್ನು ಹೆಡ್ ನರ್ಸ್ ಬರೆದಳು, ನಾನು ಪ್ರತಿ ಮಾತಿಗೂ ಅಜ್ಜನನ್ನು ‘ಹಂಗಂದ್ರೇನು?’ ಎಂದು ಕೇಳುತ್ತ ಹೋದೆ. ಅಜ್ಜನಿಗೆ ಅದು ಎಷ್ಟು ಹಿಡಿಸಿತೆಂದರೆ, ಮೂರು ಸಾಲಿನ ಫಾರ್ಮಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಅಷ್ಟರಲ್ಲಿ ಅಜ್ಜನ ಮೊಬೈಲಿಗೆ ಮಗನ ಫೋನ್ ಬಂತು. ಹೇಗೋ ಹ್ಯಾರಿಸನ್ ಸ್ಟೇಷನ್ನಿನವರೆಗೆ ಬಂದು ಅಲ್ಲಿಂದ ಮುಂದೆ ರೈಲಿಲ್ಲದೆ ನಿಂತಿದ್ದನಂತೆ. ಅಜ್ಜ ಜೋರಾಗಿ ಹೇಳಿದರು: ‘ಏನಿಲ್ಲೋ, ಆರಾಮ ಅದೀನಿ. ಇಲ್ಲೆ ಡಾಕ್ಟರವ್ವ ಅದಾರ, ಅವರ ಮಗಳ ಅದಾಳ. ಭಾಳ ಛಲೋ ನೋಡಿಕೊಂಡ್ರು. ಬಸ್ಸಿನ್ಯಾಗ ಒಂದು ರೌಂಡ ಊರ ತೋರಿಸಿದ್ರು.’

ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ನಾನೇ ಫೋನ್ ಕೇಳಿ ಇಸಿದುಕೊಂಡೆ.

‘ಅಂಕಲ್, ನಾನು ಫಾರ್ಮ್ ಬರೆದವಳು. ನಂಗೆ ದಮ್ಮು ಅಂದ್ರೆ ಆಸ್ತಮಾ ಅಂತ ಗೊತ್ತಿರ್ಲಿಲ್ಲ. ಅವರನ್ನ ಬೇರೆ ಬಸ್ಸಿಗೆ ಹತ್ತಿಸಿಬಿಟ್ಟೆ. ಮಷಿನ್ನೂ ನಾನೇ ಇಟ್ಕೊಂಡಿದ್ದೆ. ಅವ್ರಿಗೆ ಜಾಸ್ತಿ ಆಯ್ತು. ಈಗ ಸರಿಹೋಗಿದೆ.’

ಬೈಗುಳಕ್ಕೆ ನಾನು ಕಣ್ಣು ಮುಚ್ಚಿಕೊಂಡು ಸಿದ್ಧಳಾದೆ.

‘ಸಿಳ್ಳು ಬರ್ತಿದೆಯಾ ಎದೇಲಿ?’ ಎಂದ ಮಗ.

‘ಇಲ್ಲ ಅಂಕಲ್.’

‘ಅವ್ರು ಯಾವಾಗ್ಲೂ ಇಲ್ಲ ಅಂತಾರೆ. ನಂಗೆ ಕೇಳಿಸ್ತೀಯಾ?’

ನಾನು ಫೋನನ್ನು ಅಜ್ಜನ ಜಾಕೆಟ್ಟಿನ ಒಳಗೆ, ಎದೆಗೆ ಒತ್ತಿ ಹಿಡಿದೆ. ಅಜ್ಜ ಒಂದು ಉಸಿರು ತಗೊಂಡರು, ಬಿಟ್ಟರು. ಇನ್ನೊಂದು ತಗೊಂಡರು. ಮೂರನೆಯದಕ್ಕೆ ಅವರ ತಾಳ್ಮೆ ಮುಗಿಯಿತು.

‘ಏನ್ ಕೇಳಾಕ್ಹತ್ತೀಯೋ ಅದರಾಗ? ರೇಡಿಯೋ ಏನು ನಾ?’

ಫೋನಿನೊಳಗಿಂದ ಮಗ ಜೋರಾಗಿ ನಗುವುದು ಅಜ್ಜನ ಎದೆಯಿಂದಲೇ ಬಂದ ಹಾಗೆ ಕೇಳಿಸಿತು.